ವಾಲ್ವ್ ರೇಡಿಯೋದಿಂದ ಎರಡು ಲಕ್ಷದ ಸ್ಪೀಕರಿನ ತನಕ

ಮೊನ್ನೆ ರವಿವಾರ ಬೆಂಗಳೂರಿನಿಂದ ಅಕ್ಕನ ಮಗನ ಫೋನು. "ಮಾಮಾ, ಒಂದು ಮ್ಯೂಸಿಕ್ ಸಿಸ್ಟಮ್ ನೋಡೀನಿ. ಎಲ್ಲಾ ಸೇರಿ ಎರಡು ಲಕ್ಷ. ಪರ್ಸನಲ್ ಲೋನ್ ತಗೊಂಡ್ರ ನಡೀತದೇನು?"

ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ಓದಿದವನಿಗೆ ಕೇಳುವ ಪ್ರಶ್ನೆಯೇ ಇದು? ನೂರಕ್ಕೆ 12ರ ಬಡ್ಡಿ, ಮೂರು ವರ್ಷ, ತಿಂಗಳಿಗೆ 6,643 ರೂಪಾಯಿ, ಒಟ್ಟು ಬಡ್ಡಿಯೇ 39 ಸಾವಿರ ಎಂದು ಲೆಕ್ಕ ಒಪ್ಪಿಸಿದೆ. "ಅದಿರಲಿ ಮಾಮಾ, ತಗೊಳ್ಳೋದು ಯಾವ್ದು ಅಂತ ಹೇಳ್ರಲಾ" ಅಂದ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಆಗಲಿಲ್ಲ. ಆ ಉತ್ತರ ನಮ್ಮ ಧಾರವಾಡದ ಮನೆಯ ಗೂಡಿನಿಂದಲೇ ಶುರುವಾಗಬೇಕು.

ಆ ಗೂಡಿನಲ್ಲಿ ಅಪ್ಪನ ವಾಲ್ವ್ ರೇಡಿಯೋ ಇತ್ತು. ಕಟ್ಟಿಗೆಯ ಪೆಟ್ಟಿಗೆ, ಮುಂದೆ ಬಟ್ಟೆ, ಒಳಗೆ ಒಂದೇ ಸ್ಪೀಕರು. ಗುಂಡಿ ತಿರುಗಿಸಿದ ಮೇಲೆ ವಾಲ್ವ್ ಕಾದು ದನಿ ಬರಲಿಕ್ಕೆ ಅರ್ಧ ನಿಮಿಷ ಬೇಕು. ರೇಡಿಯೋ ಇಟ್ಟುಕೊಳ್ಳಲಿಕ್ಕೆ ಲೈಸೆನ್ಸ್ ಬೇರೆ! ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಬೇಕು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ವಾಲ್ವ್ ಸುಟ್ಟರೆ ಪೇಟೆಯಿಂದ ಬೇರೆ ತರುತ್ತಿದ್ದರು. ಸೈನ್ಯಕ್ಕೆ ವೈರ್‌ಲೆಸ್ ಮಾಡಿಕೊಡಲೆಂದು 1954ರಲ್ಲಿ ಹುಟ್ಟಿದ ಬೆಂಗಳೂರಿನ ಬಿ.ಇ.ಎಲ್., 1961ರಿಂದ ರೇಡಿಯೋ ವಾಲ್ವ್‌ಗಳನ್ನೂ ಮಾಡತೊಡಗಿತ್ತು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್ ಕೂಡ. ಜಾಲಹಳ್ಳಿಯ ಆ ವಾಲ್ವ್‌ಗಳನ್ನು ಈಗಲೂ ಹಳೇ ಆಂಪ್ಲಿಫೈಯರಿನವರು ಹುಡುಕಿಕೊಂಡು ಹೋಗುತ್ತಾರಂತೆ.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಮನ್ಸೂರರು, ಗಂಗೂಬಾಯಿಯವರು, ರಾಜಗುರುಗಳು ಎಲ್ಲರೂ ಆ ಬಟ್ಟೆಯ ಹಿಂದಿನಿಂದಲೇ ನಮ್ಮ ಮನೆಗೆ ಬಂದವರು. ಈಗಿನ ಲೆಕ್ಕದಲ್ಲಿ ಅದೇನು ಹೈ-ಫೈ ಅಲ್ಲ. ಮೀಡಿಯಂ ವೇವ್ ಪ್ರಸಾರದಲ್ಲಿ ಹೆಚ್ಚುಕಡಿಮೆ 5,000 ಹರ್ಟ್ಸ್‌ನ ಮೇಲಿನದೇನೂ ಬರುವುದಿಲ್ಲ. ಎಂಥ ಸ್ಪೀಕರ್ ತಂದಿಟ್ಟರೂ ಅಷ್ಟೇ. ಸ್ಟೇಶನ್ನಿನಿಂದಲೇ ಹೊರಡದ್ದು ಮನೆಗೆ ಹೇಗೆ ಬಂದೀತು? ಅಪ್ಪ ಒಂದೇ ರೇಡಿಯೋದಲ್ಲಿ ಇಪ್ಪತ್ತೈದು ವರ್ಷ ತೆಗೆದದ್ದು ಜಿಪುಣತನದಿಂದಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಗ್ರಾಮಫೋನಿನ ಕೊರತೆ ಬೇರೆ ತರಹದ್ದು. 78 ಸುತ್ತಿನ ರೆಕಾರ್ಡಿನ ಒಂದು ಬದಿ ಮೂರು, ಮೂರೂವರೆ ನಿಮಿಷಕ್ಕೆ ಮುಗಿಯುತ್ತದೆ. 1930ರ ದಶಕದಲ್ಲಿ ಎಚ್.ಎಂ.ವಿ. 'ಗಾಂಧಾರಿ' ಎಂಬ ಹೆಸರಿನಲ್ಲಿ ಗಂಗೂಬಾಯಿ ಹಾನಗಲ್ಲರ ರೆಕಾರ್ಡುಗಳನ್ನು ತಂದಿತ್ತು. ಒಂದು ತಾಸು ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಕತ್ತರಿಸುವುದೆಂದರೆ ಊಟಕ್ಕೆ ಕರೆದು ಉಪ್ಪಿನಕಾಯಿ ಬಡಿಸಿ ಕಳಿಸಿದ ಹಾಗೆ. (ಆ ಮೂರು ನಿಮಿಷದಲ್ಲೇ ರಾಗವನ್ನು ನಿಲ್ಲಿಸಿ ತೋರಿಸಿದವರಿದ್ದರು, ಅದು ಅವರ ಸಾಮರ್ಥ್ಯ.) 1948ರಲ್ಲಿ ಅಮೆರಿಕದಲ್ಲಿ ಬಂದ ಎಲ್.ಪಿ. ರೆಕಾರ್ಡು ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ಕೊಟ್ಟಿತು. ಆಮೇಲೆ ಅದು ನಮ್ಮ ದೇಶಕ್ಕೂ ಬಂದಾಗ ವಿಲಂಬಿತ್ ಖಯಾಲು ಮನೆಯೊಳಗೆ ಕಾಲಿಟ್ಟಿತು. ನನ್ನ ಪ್ರಕಾರ ಇಷ್ಟೂ ಇತಿಹಾಸದಲ್ಲಿ ದುಡ್ಡಿಗೆ ಪೂರ್ತಿ ನ್ಯಾಯ ಸಿಕ್ಕ ಅಪ್‌ಗ್ರೇಡ್ ಅಂದರೆ ಅದೊಂದೇ.

ಕ್ಯಾಸೆಟ್ಟಿನದು ತಮಾಷೆಯ ಕತೆ. ಫಿಲಿಪ್ಸ್ 1963ರಲ್ಲಿ ತಂದದ್ದು. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ ಓಡುತ್ತದೆ, ಸುಸ್ ಎನ್ನುವ ಸದ್ದು ಹುಟ್ಟಿನಿಂದಲೇ ಬಂದದ್ದು. ಎಲ್.ಪಿ.ಗಿಂತ ದನಿ ಕಡಿಮೆ. ಆದರೂ ಗೆದ್ದಿತು, ಯಾಕೆಂದರೆ ಅಗ್ಗ, ಮೇಲಾಗಿ ನಾವೇ ರೆಕಾರ್ಡ್ ಮಾಡಿಕೊಳ್ಳಬಹುದು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದಮೇಲೆ ಕನ್ನಡದ ಕವಿಗಳು ಬಸ್ಸಿನಲ್ಲೂ ಕೇಳಿಸತೊಡಗಿದರು. ಆ ಕಾಲಕ್ಕೆ ದುರ್ಬಲ ಕೊಂಡಿ ಎಂದರೆ ಟೇಪು. ಆದ್ದರಿಂದ "ಮೊದಲು ಒಳ್ಳೇ ಡೆಕ್ ತಗೋ, ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸು" ಎಂದು ಹಿರಿಯರು ಹೇಳುತ್ತಿದ್ದದ್ದು ಸರಿಯೇ ಇತ್ತು.

ವಾಟ್ ಎಂಬ ಮೋಸ ಬೆಳೆದದ್ದೂ ಆ ದಿನಗಳಲ್ಲೇ. 1993ರಲ್ಲಿ ನಾನು ದೀಪಾವಳಿಯ ಫೆಸ್ಟಿವಲ್ ಅಡ್ವಾನ್ಸ್ ಎತ್ತಿ ತಂದ ಟೂ-ಇನ್-ಒನ್ ಮೇಲೆ '1000 ವಾಟ್ ಪಿ.ಎಂ.ಪಿ.ಒ.' ಎಂದು ಬಂಗಾರದ ಅಕ್ಷರ. ಬೆನ್ನ ಹಿಂದಿನ ಚೀಟಿ ನೋಡಿದರೆ ಅದು ಕರೆಂಟ್ ಎಳೆಯುವುದೇ 25 ವಾಟ್! ಇಪ್ಪತ್ತೈದು ಜಮಾ ಆದ ಖಾತೆಯಿಂದ ಸಾವಿರ ಹೇಗೆ ತೆಗೀತಾರೆ? ಬಿ.ಕಾಂ. ಓದಿದವನಿಗೂ ಇದು ಹೊಳೆದದ್ದು ಮನೆಗೆ ತಂದಮೇಲೆ. ನಿಜವಾದ ವಾಟ್ ಆದರೂ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ದನಿ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. 40 ವಾಟ್ ಇದ್ದವನು 60 ವಾಟಿಗೆ ಹೋಗುವುದು ವ್ಯರ್ಥ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆಮದಿನ ಮೇಲೆ ಗೋಡೆ ಕಟ್ಟಿದ್ದ ಕಾಲದಲ್ಲಿ ಕಲಕತ್ತೆಯ ಸೋನೋಡೈನ್‌ನಂಥ ನಮ್ಮ ದೇಶದ ಕಂಪನಿಗಳು ಆಂಪ್ಲಿಫೈಯರ್, ಸ್ಪೀಕರ್ ಮಾಡುತ್ತಿದ್ದವು. ನಾನೂ ಸೆಕೆಂಡ್ ಹ್ಯಾಂಡಿನಲ್ಲಿ ದೇಶಿ ಸ್ಪೀಕರುಗಳ ಜೋಡಿಯೊಂದನ್ನು ತಂದಿದ್ದೆ, ಒಂದೊಂದು ಪೆಟ್ಟಿಗೆ ಎತ್ತಲಿಕ್ಕೆ ಇಬ್ಬರು ಬೇಕು. 1991ರಿಂದ ಆ ಗೋಡೆ ಬಿರುಕು ಬಿಟ್ಟಿತು. 2001ರ ಏಪ್ರಿಲ್ 1ಕ್ಕೆ ಉಳಿದ ಆಮದು ಮಿತಿಗಳೂ ಹೋದವು. ಅಂಗಡಿಗಳ ತುಂಬ ಡಿವಿಡಿ, ಹೋಮ್ ಥಿಯೇಟರು. 2004ರಲ್ಲಿ ಕಳಮನಾದ ಈ ಮನೆಗೆ ಬರುವಾಗ "ಜಾಗಾ ಎಲ್ಲದ?" ಎಂದು ಆ ಜೋಡಿಯನ್ನೂ ಅಪ್ಪನ ಎಲ್.ಪಿ.ಗಳನ್ನೂ ರದ್ದಿಯವನಿಗೆ ಹಾಕಿದೆ. ಎಲ್ಲಾ ಸೇರಿ 400 ರೂಪಾಯಿ. ಬದಲಿಗೆ ತಂದದ್ದು ಟಿಫಿನ್ ಡಬ್ಬಿಯಷ್ಟಿದ್ದ ಐದು ಸ್ಪೀಕರ್, ಒಂದು ಸಬ್‌ವೂಫರ್. ಸಿನೆಮಾದ ಬಾಂಬು ಚೆನ್ನಾಗಿ ಸಿಡಿಯಿತು. ಆಮೇಲೆ ಮನ್ಸೂರರ ಸಿಡಿ ಹಾಕಿದೆ. ದನಿ ಸ್ಟೀಲ್ ಡಬ್ಬಿಯೊಳಗಿಂದ ಬಂದಂತೆ ಬಂತು. ಅಪ್ಪ ಆಗ ನಮ್ಮ ಜೊತೆಗೇ ಇದ್ದರು. ಒಂದು ಮಾತೂ ಆಡಲಿಲ್ಲ. ಸ್ವಲ್ಪ ಹೊತ್ತು ಕೇಳಿ ಎದ್ದು ಬಾಲ್ಕನಿಗೆ ಹೋಗಿ ಮಾರ್ಕೆಟ್ ಯಾರ್ಡಿಗೆ ಹೋಗುವ ಸಂತ್ರಾ ಲಾರಿಗಳನ್ನು ನೋಡುತ್ತ ನಿಂತರು.

ಅಳಿಯನಿಗೆ ನಾನು ಹೇಳಬೇಕೆಂದದ್ದು ಇಲ್ಲಿದೆ. 1982ರಲ್ಲಿ ಸಿಡಿ ಬಂದಾಗಲೇ ದುರ್ಬಲ ಕೊಂಡಿ ಜಾಗ ಬದಲಿಸಿತು. ಅದು 20,000 ಹರ್ಟ್ಸ್ ತನಕ ಹಿಡಿಯುತ್ತದೆ. ಐವತ್ತು ದಾಟಿದ ನನ್ನ ಕಿವಿಗೆ 12-13 ಸಾವಿರದ ಮೇಲೆ ಏನೂ ಕೇಳುವುದಿಲ್ಲ. ಈಗ ಕೈಯಲ್ಲಿನ ಫೋನೇ ಸಾಕಷ್ಟು ಶುದ್ಧ ದನಿ ಕೊಡುತ್ತದೆ. ಆದ್ದರಿಂದ ಪ್ಲೇಯರಿಗೆ, ಬೆಳ್ಳಿ ವೈರಿಗೆ ದುಡ್ಡು ಸುರಿಯಬೇಡ. ಮನೆ ವೈರಿಂಗಿನ 2.5 ಚದರ ಮಿ.ಮೀ. ತಾಮ್ರದ ವೈರು ಐದು ಮೀಟರ್ ಎಳೆದರೆ ಹೋಗಿ ಬರುವುದು ಸೇರಿ 0.07 ಓಮ್ ಆಗುತ್ತದೆ. 8 ಓಮ್ ಸ್ಪೀಕರಿಗೆ ಅದು ಲೆಕ್ಕಕ್ಕೇ ಇಲ್ಲ. ದುಡ್ಡಿನ ದೊಡ್ಡ ಪಾಲು ಸ್ಪೀಕರಿಗೆ ಹೋಗಲಿ. ಅಂಗಡಿಗೆ ಹೋಗುವಾಗ ನೀನು ನೂರು ಸಲ ಕೇಳಿದ ಹಾಡನ್ನೇ ಒಯ್ಯಿ, ಅವರು ಹಾಕುವ ಹಾಡಿನಲ್ಲಿ ಎಲ್ಲಾ ಸ್ಪೀಕರೂ ಚೆನ್ನಾಗಿಯೇ ಕೇಳಿಸುತ್ತವೆ. ಎರಡು ಸ್ಪೀಕರನ್ನು ಹೋಲಿಸುವಾಗ ದನಿ ಸಮ ಇಡಿಸು, ತುಸು ಜೋರಿದ್ದದ್ದೇ ಒಳ್ಳೇದು ಅನ್ನಿಸಿಬಿಡುತ್ತದೆ. ಹಳೇದು ಕೊಳ್ಳುವುದಾದರೆ ಕೋನಿನ ಸುತ್ತಲಿನ ಫೋಮ್ ಮುಟ್ಟಿ ನೋಡು. ಇಪ್ಪತ್ತು ವರ್ಷಕ್ಕೆ ಪುಡಿಯಾಗಿರುತ್ತದೆ, ರಬ್ಬರಾದರೆ ತಾಳುತ್ತದೆ.

ಇನ್ನು ಕೋಣೆ. ನನ್ನದು ಹತ್ತಡಿ ಉದ್ದ, ಹತ್ತಡಿ ಅಗಲ, ಎತ್ತರವೂ ಹತ್ತಡಿ. ಹತ್ತಡಿಯ ಗೋಡೆಗಳ ನಡುವೆ 56-57 ಹರ್ಟ್ಸ್ ದನಿ ಸಿಕ್ಕಿಬಿದ್ದು ಗುಂಯ್‌ಗುಡುತ್ತದೆ. ಮೂರೂ ಅಳತೆ ಒಂದೇ ಆದರೆ ಆ ಗುಂಯ್ ಮೂರೂ ಕಡೆಯಿಂದ ಒಂದೇ ಜಾಗಕ್ಕೆ ಬಂದು ಬೀಳುತ್ತದೆ. ಡಗ್ಗಾದ ಒಂದು ಪೆಟ್ಟು ಗೋಡೆ ಕೆಡವಿದಂತೆ ಕೇಳುತ್ತಿತ್ತು. ಸ್ಪೀಕರನ್ನು ಮೂಲೆಯಿಂದ ಎರಡಡಿ ಈಚೆ ಎಳೆದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಇಟ್ಟೆ, ಎದುರಿಗೆ ಹತ್ತಿಯ ಗಾದಿ. ಗುಂಯ್ ಪೂರ್ತಿ ಹೋಗಲಿಲ್ಲ, ಆದರೆ ಅರ್ಧ ಇಳಿಯಿತು, ಒಂದು ಪೈಸೆ ಖರ್ಚಿಲ್ಲದೆ. ನಾಗಪುರದ ಬೇಸಿಗೆಗೆ ಮಾತ್ರ ಯಾವ ಉಪಾಯವೂ ಇಲ್ಲ. 45 ಡಿಗ್ರಿಯಲ್ಲಿ ಕೂಲರ್ ಬಂದ್ ಮಾಡಿ ಹಾಡು ಕೇಳುವವನು ಯೋಗಿಯೇ ಇರಬೇಕು. ನನ್ನ ಸಂಗೀತವೆಲ್ಲ ನವೆಂಬರಿನಿಂದ ಫೆಬ್ರುವರಿ ತನಕ.

ಇಷ್ಟನ್ನೂ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಎಂಟು ದಿನ ಸುದ್ದಿ ಇಲ್ಲ. ನಿನ್ನೆ ರಾತ್ರಿ ಫೋನ್ ಬಂತು: "ಮಾಮಾ, ಲೋನ್ ಅರ್ಜಿ ಹಾಕಿಲ್ಲ. ಮನ್ಯಾಗಿದ್ದ ಹಳೇ ಸ್ಪೀಕರ್ ಮೂಲಿಯಿಂದ ಈಚೆ ಜಗ್ಗಿ, ಗಾದಿ ಗ್ವಾಡಿಗೆ ಆನಿಸಿ ಕೇಳಾಕತ್ತೀನಿ. ಭಾಳ ಫರಕ್ ಅದ." ಅಷ್ಟರಲ್ಲಿ ಹಿಂದಿನಿಂದ ಅವನ ಹೆಂಡತಿಯ ದನಿ: "ಮಾಮಾಗ ಕೇಳ್ರಿ, ಆ ಗಾದಿ ಇನ್ನ ಎಷ್ಟ್ ದಿನಾ ಅಲ್ಲೇ ನಿಂದರಬೇಕಂತ?"