ಕೆಂಡ್ರಾ ಕಾನೂನು: ಆಜ್ಞೆಯ ಎರಡು ಮುಖಗಳು

1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ರೋಗಿಗಳಿದ್ದರು. ಅವರಲ್ಲಿ ಅನೇಕರ ಆಯುಷ್ಯವೇ ಆ ಗೋಡೆಗಳೊಳಗೆ ಸವೆದಿತ್ತು. ಆ ದಶಕದಲ್ಲಿ ಬಳಕೆಗೆ ಬಂದ ಹೊಸ ಔಷಧಗಳು, ಮನೋರೋಗಿಯೂ ಊರಿನ ನಡುವೆ ಬಾಳಬಲ್ಲನೆಂಬ ಆಶೆಯನ್ನು ಮೂಡಿಸಿದವು. 1963ರಲ್ಲಿ ಅಧ್ಯಕ್ಷ ಕೆನಡಿಯವರು ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಗಳ ಕಾನೂನಿಗೆ ಸಹಿ ಹಾಕಿದರು. ಮುಂದೆ ಆಸ್ಪತ್ರೆಗಳೇನೋ ಬರಿದಾದವು. ಆದರೆ ಯೋಜಿಸಿದ ಕೇಂದ್ರಗಳೆಲ್ಲ ತಲೆ ಎತ್ತಲಿಲ್ಲ. ಸೆರೆಯಿಂದ ಬಿಡುಗಡೆ ಹೊಂದಿದವರಲ್ಲಿ ಹಲವರು ಬೀದಿಯ ಪಾಲಾದರು.

ಈ ಲೋಪದ ಫಲವು 1999ರ ಜನವರಿ 3ರಂದು ನ್ಯೂಯಾರ್ಕಿನಲ್ಲಿ ಘೋರವಾಗಿ ಪ್ರಕಟವಾಯಿತು. ಭೂಗತ ರೈಲು ನಿಲ್ದಾಣದಲ್ಲಿ ನಿಂತಿದ್ದ ಕೆಂಡ್ರಾ ವೆಬ್‌ಡೇಲ್ ಎಂಬ 32 ವರ್ಷದ ಯುವತಿಯನ್ನು ಸ್ಕಿಜೋಫ್ರೀನಿಯಾ ರೋಗಿಯೊಬ್ಬನು ಬರುತ್ತಿದ್ದ ರೈಲಿನ ಮುಂದಕ್ಕೆ ತಳ್ಳಿದನು. ಆಕೆ ಮಡಿದಳು. ಅವನು ಔಷಧ ಸೇವನೆಯನ್ನು ನಿಲ್ಲಿಸಿದ್ದನೆಂಬುದು ಎಲ್ಲರ ಬಾಯಲ್ಲಿ ಬಂತು. ಅದಕ್ಕೂ ಮೊದಲು ಅವನೇ ಪದೇ ಪದೇ ಆಸ್ಪತ್ರೆಗಳ ಬಾಗಿಲಿಗೆ ಹೋಗಿ ನೆರವು ಬೇಡಿದ್ದನೆಂಬ ಸಂಗತಿ ಬೆಳಕಿಗೆ ಬಂದುದು ಅನಂತರ.

ಮಗಳನ್ನು ಕಳೆದುಕೊಂಡ ಕುಟುಂಬವು ಹೊಸ ಕಾನೂನಿಗಾಗಿ ಶ್ರಮಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ಅಂಗೀಕೃತವಾದ ಆ ಕಾನೂನು ಕೆಂಡ್ರಾಳ ಹೆಸರನ್ನೇ ಹೊತ್ತಿತು. ಚಿಕಿತ್ಸೆಯನ್ನು ಬಿಟ್ಟು ಮರಳಿ ಮರಳಿ ಆಸ್ಪತ್ರೆ ಸೇರಿದ ಅಥವಾ ಹಿಂಸೆಗಿಳಿದ ಪೂರ್ವಚರಿತ್ರೆಯುಳ್ಳ ವಯಸ್ಕನಿಗೆ, ಹೊರರೋಗಿಯಾಗಿಯೇ ಚಿಕಿತ್ಸೆ ಪಡೆಯುವಂತೆ ನ್ಯಾಯಾಲಯವು ಆದೇಶಿಸಬಹುದು. ವೈದ್ಯರು ಸಾಕ್ಷ್ಯ ನುಡಿಯಬೇಕು; ರೋಗಿಗೆ ವಕೀಲರಿರಬೇಕು. ಆದೇಶವನ್ನು ಮೀರಿದವನಿಗೆ ಸೆರೆವಾಸವಿಲ್ಲ. ಪರೀಕ್ಷೆಗಾಗಿ ಅವನನ್ನು 72 ಗಂಟೆಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು, ಅಷ್ಟೆ. ಈ ಆದೇಶದ ಬಲದಿಂದಲೇ ಯಾರಿಗೂ ಬಲವಂತವಾಗಿ ಔಷಧ ಕೊಡುವಂತಿಲ್ಲ. 2004ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯವು ಈ ಕಾನೂನನ್ನು ಎತ್ತಿಹಿಡಿಯಿತು.

ಇದರಿಂದ ಪ್ರಯೋಜನವಾಯಿತೆ? ಆದೇಶಕ್ಕೆ ಒಳಪಟ್ಟವರಲ್ಲಿ ಆಸ್ಪತ್ರೆ ಸೇರಿದವರ ಪ್ರಮಾಣ 77 ಶೇಕಡಾ, ಬಂಧನಕ್ಕೊಳಗಾದವರ ಪ್ರಮಾಣ 83 ಶೇಕಡಾ ಇಳಿಯಿತೆಂದು 2005ರ ಸರಕಾರಿ ವರದಿ ತಿಳಿಸಿತು. ಆದರೆ ಈ ಕಾನೂನಿಗೂ ಮೊದಲು ನಗರದ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ನಡೆದ ಪ್ರಯೋಗವೊಂದು ಬೇರೊಂದು ಪಾಠವನ್ನು ಹೇಳಿತ್ತು. ಅಲ್ಲಿ ಒಂದು ಗುಂಪಿಗೆ ಆದೇಶವೂ ಸೇವೆಯೂ ದೊರೆತವು. ಇನ್ನೊಂದಕ್ಕೆ ಸೇವೆ ಮಾತ್ರ. ಎರಡು ಗುಂಪುಗಳ ಫಲಿತಾಂಶದಲ್ಲಿ ಗಣನೀಯ ಅಂತರ ಕಾಣಲಿಲ್ಲ. ಹಾಗಾದರೆ ಗುಣ ತಂದುದು ಆಜ್ಞೆಯೋ, ಆಜ್ಞೆಯ ಜೊತೆಗೆ ಬಂದ ಆರೈಕೆಯೋ ಎಂಬ ಪ್ರಶ್ನೆ ಉಳಿಯುತ್ತದೆ.

ತನ್ನ ರೋಗವನ್ನು ತಾನೇ ಅರಿಯಲಾರದವನನ್ನು ಅವನ ಪಾಡಿಗೆ ಬಿಡುವುದು ಸ್ವಾತಂತ್ರ್ಯಕ್ಕೆ ತೋರುವ ಗೌರವವಲ್ಲ, ಉಪೇಕ್ಷೆ. ಆದರೆ ಪರರ ಇಚ್ಛೆಯ ಮೇಲೆ ಕೈಯಿಡುವವನು ಸಾಲಗಾರನೂ ಆಗುತ್ತಾನೆ. ರೋಗಿಯ ಲೆಕ್ಕದಲ್ಲಿ ವಿಧೇಯತೆಯನ್ನು ಬರೆದ ರಾಜ್ಯವು ತನ್ನ ಲೆಕ್ಕದಲ್ಲಿ ವೈದ್ಯರನ್ನೂ ವಸತಿಯನ್ನೂ ಔಷಧವನ್ನೂ ಬರೆದುಕೊಳ್ಳಬೇಕು. ಆ ರೋಗಿಯು ತಾನಾಗಿ ಬಾಗಿಲು ತಟ್ಟಿದ ದಿನವೇ ಅದು ತೆರೆದಿದ್ದರೆ, ಈ ಕಾನೂನಿಗೆ ಕೆಂಡ್ರಾಳ ಹೆಸರನ್ನಿಡುವ ಪ್ರಸಂಗವು ಪ್ರಾಯಶಃ ಬರುತ್ತಿರಲಿಲ್ಲ.