ಕುರ್ದರ ಉಣ್ಣೆಗಂಬಳಿಗಳೂ ‘ಸೆನ್ನೆ ಗಂಟು’ ಎಂಬ ಹೆಸರೂ

ರತ್ನಗಂಬಳಿಗಳ ವ್ಯಾಪಾರದಲ್ಲಿಯೂ ತದ್ವಿಷಯಕವಾದ ಗ್ರಂಥಗಳಲ್ಲಿಯೂ ‘ಸೆನ್ನೆ ಗಂಟು’ ಎಂಬ ಮಾತು ಬಹುಕಾಲದಿಂದ ಬಳಕೆಯಲ್ಲಿರುವುದು. ಸೆನ್ನೆಯೆಂದರೆ ಇರಾಣದ ಪಶ್ಚಿಮಭಾಗದಲ್ಲಿರುವ ಸನಂದಜ್ ಪಟ್ಟಣವು. ಕುರ್ದರ ಅರ್ದಲಾನ್ ಮನೆತನದವರಿಗೆ ಅದು ರಾಜಧಾನಿಯಾಗಿದ್ದಿತು. ಆದರೆ ಆ ಪಟ್ಟಣದ ಹಳೆಯ ಕಂಬಳಿಗಳನ್ನು ಬಿಡಿಸಿ ನೋಡಿದರೆ ಸೆನ್ನೆ ಗಂಟೇ ಅಲ್ಲಿ ಕಾಣಬರುವುದಿಲ್ಲ!

ಗಂಟುಗಳು ಮುಖ್ಯವಾಗಿ ಎರಡು ಬಗೆ. ಉಣ್ಣೆಯ ಎಳೆಯು ಹಾಸಿನ ಎರಡು ನೂಲುಗಳನ್ನೂ ಸುತ್ತಿ, ಅದರ ಎರಡು ತುದಿಗಳೂ ಆ ನೂಲುಗಳ ನಡುವೆ ಮೇಲಕ್ಕೆ ಬಂದರೆ ಅದು ಸಮಗಂಟು. ಒಂದು ನೂಲನ್ನು ಮಾತ್ರ ಪೂರ್ತಿಯಾಗಿ ಸುತ್ತಿ, ಇನ್ನೊಂದರ ಹಿಂದೆ ಹಾದುಬಂದರೆ ಅದು ವಿಷಮಗಂಟು. ವರ್ತಕರು ‘ಸೆನ್ನೆ’ ಎನ್ನುವುದು ಈ ಎರಡನೆಯದನ್ನು. ಸೆನ್ನೆಯ ಕುರ್ದರು ಹಾಕುತ್ತ ಬಂದಿರುವುದು ಮೊದಲನೆಯದನ್ನು. ನಮ್ಮ ಶಾಸ್ತ್ರಕಾರರ ಪರಿಭಾಷೆಯಲ್ಲಿ ಇದು ಕೇವಲ ರೂಢಿ. ಯೋಗಾರ್ಥವನ್ನು ಹುಡುಕಹೊರಟವನು ಮೋಸಹೋಗುವನು.

ಹಾಗೆಂದು ಸಮಗಂಟು ಕಂಡಲ್ಲೆಲ್ಲ ಕುರ್ದರ ಕೈಯನ್ನು ಊಹಿಸುವುದೂ ಸಾಧುವಲ್ಲ. ತುರ್ಕರೂ ಅದನ್ನೇ ಹಾಕುವರು. 1949ರಲ್ಲಿ ಅಲ್ತಾಯ್ ಪರ್ವತದ ಪಾಜಿರಿಕ್ ಗೋರಿಯಲ್ಲಿ ದೊರೆತ, ಎರಡು ಸಾವಿರ ವರ್ಷಕ್ಕೂ ಮಿಕ್ಕು ಹಳೆಯದಾದ ಕಂಬಳಿಯಲ್ಲಿಯೂ ಅದೇ ಇದೆ. ಆದುದರಿಂದ ಹಾಸುಹೊಕ್ಕುಗಳನ್ನೂ ಪರೀಕ್ಷಿಸಬೇಕು. ಸೆನ್ನೆಯಲ್ಲಿ ಗಂಟಿನ ಸಾಲುಗಳ ನಡುವೆ ಒಂದೇ ಹೊಕ್ಕು. ಹಾಸು ಸಾಮಾನ್ಯವಾಗಿ ಹತ್ತಿ, ಕೆಲವೆಡೆ ರೇಷ್ಮೆ. ಅದಕ್ಕೆ ಸಮೀಪದ ಬಿಜಾರದಲ್ಲಿಯೋ ಎಲ್ಲವೂ ಬೇರೆ. ಅಲ್ಲಿಯ ಹಳೆಯ ಕಂಬಳಿಗಳಲ್ಲಿ ಹಾಸುಹೊಕ್ಕುಗಳೆರಡೂ ಉಣ್ಣೆಯವೇ. ಹೊಕ್ಕನ್ನು ಭಾರವಾದ ಹಣಿಗೆಯಿಂದ ಬಡಿದು ಬಡಿದು ಬಿಗಿಮಾಡುವುದರಿಂದ ಕಂಬಳಿಯು ಹಲಗೆಯಂತೆ ಗಡುಸಾಗುವುದು. ಅದನ್ನು ಮಡಿಸಬಾರದು, ಸುರುಳಿ ಸುತ್ತಬೇಕು.

ಪಟ್ಟಣಗಳ ಹೆಸರಾದರೂ ಉಳಿಯಿತು. ಅಲೆಮಾರಿಗಳದು ಉಳಿದುದು ವಿರಳ. ಚಳಿಗಾಲದಲ್ಲಿ ಶಹರಿಜೋರಿನ ಬಯಲಿನಲ್ಲಿಯೂ ಬೇಸಗೆಯಲ್ಲಿ ಇರಾಣದ ಬೆಟ್ಟಗಳಲ್ಲಿಯೂ ಮಂದೆಯೊಡನೆ ಇರುತ್ತಿದ್ದ ಜಾಫ್ ಕುಲದ ಸ್ತ್ರೀಯರು ಹೇರುಚೀಲಗಳ ಮೇಲೆ ವಜ್ರಾಕೃತಿಗಳನ್ನು ನೇಯುತ್ತಿದ್ದರು. ಒಂದು ಸಾಲಿನ ಗಂಟನ್ನು ಮುಂದಿನ ಸಾಲಿನಲ್ಲಿ ಒಂದು ನೂಲಿನಷ್ಟು ಪಕ್ಕಕ್ಕೆ ಸರಿಸಿ ಓರೆಗೆರೆಯನ್ನು ನಯವಾಗಿಸುವ ಅವರ ಉಪಾಯವು ನಮಗಂತೂ ಸೆನ್ನೆಯ ನಯಗಾರಿಕೆಗಿಂತ ಹೆಚ್ಚು ಬುದ್ಧಿವಂತಿಕೆಯದಾಗಿ ತೋರುತ್ತದೆ. ಮೊದಲನೆಯ ಶಾಹ ಅಬ್ಬಾಸನು (1588–1629) ಉಜ್ಬೇಕರನ್ನು ತಡೆಯಲೆಂದು ಉತ್ತರ ಖೊರಾಸಾನಕ್ಕೆ ಕಳುಹಿಸಿದ ಕುರ್ದರೂ ನೇಯ್ಗೆಯನ್ನು ಬಿಡಲಿಲ್ಲ; ಆದರೆ ನೆರೆಯ ತುರ್ಕಮಾನರ ಆಕೃತಿಗಳು ಅವರ ಮಗ್ಗವನ್ನು ಹೊಕ್ಕುದರಿಂದ ಅವರ ಕೆಲಸವನ್ನು ಗುರುತಿಸುವುದು ಇನ್ನೂ ಕಷ್ಟವಾಗಿದೆ.

ಜಾಫ್ ಚೀಲಗಳ ಗತಿಯಂತೂ ಶೋಚನೀಯವು. ವರ್ತಕರು ಅನೇಕ ಚೀಲಗಳ ಬೆನ್ನನ್ನು ಕತ್ತರಿಸಿ ಬಿಸುಟು, ಮುಖವನ್ನು ಮಾತ್ರ ಕಿರುಗಂಬಳಿಯೆಂದು ಮಾರಿದರು. ನೇಯ್ದವಳ ಕುಲವನ್ನು ತಿಳಿಸಬಹುದಾಗಿದ್ದ ಹೆಣಿಗೆ ಪಟ್ಟಿಗಳು ಆ ಬೆನ್ನಿನಲ್ಲಿದ್ದುವು.