ಅಪ್ಪ ಕಾಡಿನವನು, ಅಮ್ಮ ಕ್ಯಾಂಪಿನವಳು: ಸಕ್ರೆಬೈಲಿನ ಮರಿಯಾನೆ ಕಥೆ

2023ರ ಅಕ್ಟೋಬರ್. ಶಿವಮೊಗ್ಗ ದಸರಾ ಮೆರವಣಿಗೆಗೆ ಅಂತ ಸಕ್ರೆಬೈಲಿನಿಂದ ಬಂದಿದ್ದ ನೇತ್ರಾವತಿ ಅನ್ನೋ ಆನೆ, ಮೆರವಣಿಗೆಗೆ ಮೊದಲೇ ಸಿಟಿಯಲ್ಲೇ ಮರಿ ಹಾಕ್ತು. ಊರಿಗೆಲ್ಲ ಖುಷಿ. ಆದ್ರೆ ಒಂದು ಪ್ರಶ್ನೆನೂ ಎದ್ದಿತು: ತುಂಬು ಗರ್ಭಿಣಿಯನ್ನ ಮೆರವಣಿಗೆಗೆ ಯಾಕೆ ಕರ್ಕೊಂಡು ಬಂದ್ರು? ಆ ಪ್ರಶ್ನೆಗೆ ವಿಜ್ಞಾನದಲ್ಲೂ ಜಾಗ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಕ್ಯಾಂಪಿನ ಮರಿಗಳ ಅಮ್ಮ ಯಾರು ಅಂತ ಎಲ್ಲರಿಗೂ ಗೊತ್ತು. ಅಪ್ಪ ಬಹುತೇಕ ಶೆಟ್ಟಿಹಳ್ಳಿ ಕಾಡಿನ ಯಾವುದೋ ಸಲಗ. ತುಂಗೆಯಲ್ಲಿ ಸ್ನಾನ, ತಿಂಡಿ ಆದ್ಮೇಲೆ ಆನೆಗಳನ್ನ ಮೇಯೋಕೆ ಕಾಡಿಗೆ ಬಿಡ್ತಾರೆ, ಕಾಲಿಗೆ ಉದ್ದ ಸರಪಳಿ ಹಾಕಿ. ಮರುದಿನ ಸರಪಳಿ ಎಳೆದ ಗುರುತು ನೋಡ್ಕೊಂಡು ಮಾವುತರು ಹುಡುಕಿ ತರ್ತಾರೆ. ರಾತ್ರಿ ಯಾರು ಸಿಕ್ಕಿದ್ರು ಅನ್ನೋದು ರಿಜಿಸ್ಟರ್‌ನಲ್ಲಿ ಇರಲ್ಲ.

ಅಂದ್ರೆ ಮರಿಯ ಜೀನ್ ಪೂರ್ತಿ ಕಾಡಿನದು. ನಾಯಿ, ಹಸುಗಳನ್ನ ಮನುಷ್ಯ ಸಾವಿರಾರು ವರ್ಷ ಆರಿಸಿ ಆರಿಸಿ ತಳಿ ಮಾಡಿದ, ಅವುಗಳ ಜೀನೇ ಬದಲಾಯ್ತು. ಆನೆ ವಿಷಯದಲ್ಲಿ ಹಾಗೆ ಆಗ್ಲೇ ಇಲ್ಲ. ಯಾಕೆ? ಬಿ.ಕಾಂ. ಓದಿದವನ ಲೆಕ್ಕ ಹೇಳ್ತೀನಿ ಕೇಳಿ. ಬಸಿರು ಹತ್ತಿರ ಹತ್ತಿರ ಎರಡು ವರ್ಷ. ಹುಟ್ಟಿದ ಮೇಲೆ ಭಾರೀ ಕೆಲಸಕ್ಕೆ ಬರೋಕೆ ಇನ್ನೂ ಹದಿನೈದಿಪ್ಪತ್ತು ವರ್ಷ. ಅಷ್ಟು ದಿನ ಬರೀ ಖರ್ಚು, ಆದಾಯ ಸೊನ್ನೆ. ಕೌಟಿಲ್ಯನ ಅರ್ಥಶಾಸ್ತ್ರ ಅದಕ್ಕೇ ಇಪ್ಪತ್ತು ವರ್ಷದ ಆನೆ ಹಿಡೀರಿ, ಮರಿಗಳನ್ನ ಹಿಡೀಬೇಡಿ ಅನ್ನುತ್ತೆ. ಸಾಕೋ ಖರ್ಚು ಕಾಡಿನ ಖಾತೆಗೆ! ಮೈಸೂರು ಸಂಸ್ಥಾನದಲ್ಲಿ 1874ರಲ್ಲಿ ಸ್ಯಾಂಡರ್ಸನ್ ಶುರು ಮಾಡಿದ ಖೆಡ್ಡಾದ ಲೆಕ್ಕವೂ ಇದೇ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದಿದ್ದು 1971ರಲ್ಲಿ.

ಹಾಗಾದ್ರೆ ಅದೇ ಕಾಡಿನ ಜೀನ್ ಇರೋ ಮರಿ ಕ್ಯಾಂಪಲ್ಲಿ ಮಾವುತನ ಮಾತು ಕೇಳೋದು ಹೇಗೆ? ಹುಟ್ಟಿದಾಗ ಆನೆಮರಿಯ ಮೆದುಳು ದೊಡ್ಡ ಆನೆಯದರ ಮೂರನೇ ಒಂದು ಭಾಗದಷ್ಟೋ, ಸ್ವಲ್ಪ ಹೆಚ್ಚೋ ಇರುತ್ತೆ. ಉಳಿದಿದ್ದೆಲ್ಲ ಆಮೇಲೆ ಬೆಳೆಯೋದು. ಸೊಂಡಿಲಲ್ಲಿ ನೀರು ಕುಡಿಯೋದನ್ನೂ ಅದು ತಿಂಗಳುಗಟ್ಟಲೆ ಕಲೀಬೇಕು. ಕಲಿಯೋ ಶಕ್ತಿ ಜೀನ್ ಕೊಡುತ್ತೆ. ಏನು ಕಲೀಬೇಕು ಅನ್ನೋದನ್ನ ಸುತ್ತಲಿನವರು ಕೊಡ್ತಾರೆ.

ಸುತ್ತಲಿನ ಪ್ರಭಾವ ಹುಟ್ಟಿದ ಮೇಲೇ ಶುರುವಾಗೋದು ಅಂದ್ಕೋಬೇಡಿ. ಮ್ಯಾನ್ಮಾರ್‌ನಲ್ಲಿ ದಿಮ್ಮಿ ಎಳೆಯೋ ಆನೆಗಳ ದಾಖಲೆ ತಲೆಮಾರುಗಳಿಂದ ಇದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ, ಅಂದ್ರೆ ಕೆಲಸದ ಹೊರೆ ಹೆಚ್ಚಾಗಿ ಮಳೆಗಾಲ ಶುರುವಾಗೋ ಹೊತ್ತಿಗೆ, ಹೆಣ್ಣಾನೆಗಳಲ್ಲಿ ಒತ್ತಡದ ಹಾರ್ಮೋನ್ ಏರುತ್ತೆ. ಆ ತಿಂಗಳುಗಳಲ್ಲಿ ಹುಟ್ಟಿದ ಹೆಣ್ಣುಮರಿಗಳು ದೊಡ್ಡವಾದ ಮೇಲೆ, ಮರಿ ಹಾಕೋ ಶಕ್ತಿಯನ್ನ ಬೇರೆಯವಕ್ಕಿಂತ ಬೇಗ ಕಳ್ಕೊಂಡವು. ದಶಕಗಳ ನಂತರ! ಮ್ಯಾನ್ಮಾರ್ ಲೆಕ್ಕ ಸಕ್ರೆಬೈಲಿಗೆ ಹಾಗೇ ಹೊಂದುತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಗರ್ಭಿಣಿ ಆನೆಯ ಡ್ಯೂಟಿ ಪಟ್ಟಿ ಬರೀ ಕಚೇರಿ ಕಾಗದ ಅಲ್ಲ, ಅದು ಮರಿಯ ಪರಿಸರವೂ ಹೌದು.

ಇನ್ನೊಂದು ಘಟ್ಟ ಎರಡು-ಮೂರನೇ ವರ್ಷದ ಹೊತ್ತಿಗೆ ಬರುತ್ತೆ. ಕಾಡಲ್ಲಾದ್ರೆ ಹೆಣ್ಣುಮರಿ ಸಾಮಾನ್ಯವಾಗಿ ಜೀವಮಾನವಿಡೀ ಅಮ್ಮನ ಗುಂಪಲ್ಲೇ ಇರುತ್ತೆ, ಗಂಡು ಹದಿಹರೆಯದಲ್ಲಿ ದೂರ ಆಗುತ್ತೆ. ಕ್ಯಾಂಪಲ್ಲಿ ತಾಯಿಯಿಂದ ಬಿಡಿಸಿ ಪಳಗಿಸೋದು ಈ ವಯಸ್ಸಲ್ಲೇ ಶುರು. ಆಗ ಅದರ ಪಕ್ಕ ನಿಲ್ಲೋದು ಮಾವುತ ಮತ್ತು ಕಾವಾಡಿ. ಅಲ್ಲಿಂದ ಮುಂದೆ ಅದರ ಗುಂಪು ಅಂದ್ರೆ ಅವರೇ.